ಗಡಿ ದಾಟುವಾಗ ಇಲ್ಲದ ತಪ್ಪು

(ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ವಾಚನಾಲಯವೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಅವಸರದಿಂದ ದಾಟಿಹೋಗಿದ್ದ ಕಾನೂನಿನ ಭಾಗವನ್ನು ಇಲ್ಲಿ ತುಸು ಬಿಡಿಸಿ ಬರೆದಿದ್ದೇನೆ.)

ಸಭೆಯಲ್ಲಿರುವ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಕಳೆದ ಮಳೆಗಾಲದಲ್ಲಿ ಪೆರ್ಲದ ಕಡೆಯ ಒಂದು ರೇಶನ್ ಅಂಗಡಿಯ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ನಿಂತಿದ್ದ ಅಕ್ಕ ಚಾಲಿ ಅಡಿಕೆ ಸುಲಿಯುವ ಕೆಲಸದವರು. ವರ್ಷಗಟ್ಟಲೆ ಸಿಪ್ಪೆಯ ನಾರಿಗೆ ಉಜ್ಜಿ ಉಜ್ಜಿ ಅವರ ಬೆರಳ ತುದಿಗಳು ನುಣ್ಣಗಾಗಿದ್ದವು. ಬೆರಳಚ್ಚು ನೋಡಿ ರೇಶನ್ ಲೆಕ್ಕ ಹಾಕುವ ಇ-ಪಾಸ್ ಯಂತ್ರದ ಪುಟ್ಟ ಗಾಜಿನ ಮೇಲೆ ಅವರು ಹೆಬ್ಬೆರಳು ಇಟ್ಟರು, ಯಂತ್ರ ಒಪ್ಪಲಿಲ್ಲ. ತೋರುಬೆರಳು ಇಟ್ಟರು, ಅದನ್ನೂ ಒಪ್ಪಲಿಲ್ಲ. ಸೆರಗಿಗೆ ಒರೆಸಿ ಮತ್ತೆ ಇಟ್ಟರು. ಅಂಗಡಿಯವರು ತಲೆಯೆತ್ತದೆಯೇ, "ತಲೆಗೆ ತಿಕ್ಕಿ ಇಡಿ ಅಕ್ಕಾ" ಎಂದರು. ಅವರು ಬೈತಲೆಯ ಪಕ್ಕದ ಎಣ್ಣೆಗೂದಲಿಗೆ ಬೆರಳನ್ನು ಎರಡು ಸಲ ತಿಕ್ಕಿ, ಗಾಜಿನ ಮೇಲೆ ತುಸು ಒತ್ತಿ ಹಿಡಿದರು. ಈ ಸಲ ಯಂತ್ರ ಒಪ್ಪಿತು, ಅಕ್ಕಿ ಸಿಕ್ಕಿತು.

ನಾನು ಪೇಟೆಂಟ್ ಅರ್ಜಿಗಳ ಕರಡು ಬರೆದು ಹೊಟ್ಟೆ ಹೊರೆಯುವವನು. ಹಾಗಾಗಿ ಆ ಯಂತ್ರ ಮೂರು ಸಲ 'ಇಲ್ಲ' ಎಂದು ಒಂದು ಸಲ 'ಹೌದು' ಎಂದ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಸುಳಿದದ್ದು ಅಮೆರಿಕದ ಒಂದು ಹಳೆಯ ಮೊಕದ್ದಮೆ. ಬೆರಳಚ್ಚು ಸರಿಯಾಗಿ ಮೂಡಿದೆಯೋ ಇಲ್ಲವೋ ಎಂದು ಯಂತ್ರ ತೀರ್ಮಾನಿಸುವ ಆ ಒಂದು ಕ್ಷಣ ಯಾರ ಸೊತ್ತು ಎಂಬುದೇ ಆ ಮೊಕದ್ದಮೆಯ ತಿರುಳು. ಪೆರ್ಲದ ಯಂತ್ರಕ್ಕೂ ಆ ಮೊಕದ್ದಮೆಯ ಕಂಪನಿಗಳಿಗೂ ಸಂಬಂಧವಿದೆಯೆಂದು ನಾನು ಹೇಳುತ್ತಿಲ್ಲ. ಸಂಬಂಧವಿರುವುದು ಪ್ರಶ್ನೆಗೆ ಮಾತ್ರ.

ಮೊದಲು ಎಣ್ಣೆಗೂದಲಿನ ಗುಟ್ಟು. ಬಹುಪಾಲು ಆಪ್ಟಿಕಲ್ ಸ್ಕ್ಯಾನರ್‌ಗಳಲ್ಲಿ ನಾವು ಬೆರಳಿಡುವ ಗಾಜು ಒಂದು ಅಶ್ರಗದ ಮೇಲ್ಮೈ, ಅಂದರೆ ಶಾಲೆಯಲ್ಲಿ ಬೆಳಕನ್ನು ಏಳು ಬಣ್ಣವಾಗಿ ಒಡೆದು ತೋರಿಸುತ್ತಿದ್ದರಲ್ಲ, ಅದೇ ಜಾತಿಯ ಗಾಜು. ಕೆಳಗಿನಿಂದ ಓರೆಯಾಗಿ ಬಿದ್ದ ಬೆಳಕು ಮೇಲ್ಮೈಯನ್ನು ದಾಟದೆ, ಸಂಪೂರ್ಣ ಆಂತರಿಕ ಪ್ರತಿಫಲನದಿಂದ ಒಳಗೇ ತಿರುಗಿ ಕ್ಯಾಮೆರಾದ ಕಡೆಗೆ ಹೋಗುತ್ತದೆ. ಬೆರಳಿನ ಗೆರೆಗಳ ಉಬ್ಬುಗಳು ಗಾಜಿಗೆ ಅಂಟಿಕೊಂಡ ಜಾಗದಲ್ಲಿ ಮಾತ್ರ ಈ ಪ್ರತಿಫಲನ ಕೆಡುತ್ತದೆ, ಅಲ್ಲಿ ಚಿತ್ರ ಕಪ್ಪಾಗುತ್ತದೆ. ತಗ್ಗುಗಳಲ್ಲಿ ಗಾಳಿಯಿರುವುದರಿಂದ ಬೆಳ್ಳಗೇ ಉಳಿಯುತ್ತದೆ. ಒಣಗಿದ ಚರ್ಮ ಗಾಜಿಗೆ ಸರಿಯಾಗಿ ಅಂಟುವುದಿಲ್ಲ, ಸವೆದ ಬೆರಳಿನಲ್ಲಿ ಉಬ್ಬೇ ಇರುವುದಿಲ್ಲ. ತೆಂಗಿನೆಣ್ಣೆಯ ತೆಳು ಪಸೆ ಚರ್ಮಕ್ಕೂ ಗಾಜಿಗೂ ನಡುವಿನ ಗಾಳಿಯನ್ನು ತೆಗೆದುಹಾಕುತ್ತದೆ. ಅಂಗಡಿಯವರು ಭೌತಶಾಸ್ತ್ರ ಓದಿದವರಲ್ಲ. ಆದರೆ ಬೀಡಿ ಕಟ್ಟುವವರು, ಗೇರುಬೀಜದ ಸಿಪ್ಪೆಯ ಎಣ್ಣೆಗೆ ಕೈ ಸುಟ್ಟುಕೊಂಡವರು, ಸುಣ್ಣ ಸಿಮೆಂಟಿನ ಕೆಲಸದವರು ದಿನವೂ ಬರುವ ಅಂಗಡಿಯಲ್ಲಿ ಅದು ತಾನಾಗಿ ತಿಳಿಯುತ್ತದೆ.

ಇನ್ನು ಮೊಕದ್ದಮೆ. ಅಮೆರಿಕದ ಫ್ಲಾರಿಡಾದಲ್ಲಿ ನೆಲೆಯಿದ್ದ ಕ್ರಾಸ್ ಮ್ಯಾಚ್ ಟೆಕ್ನಾಲಜೀಸ್ ಎಂಬ ಕಂಪನಿ ಬೆರಳಚ್ಚು ಸ್ಕ್ಯಾನರ್‌ಗಳನ್ನು ತಯಾರಿಸುತ್ತಿತ್ತು. ದಕ್ಷಿಣ ಕೊರಿಯಾದ ಸುಪ್ರೀಮಾ ಎಂಬ ಕಂಪನಿಯೂ ರಿಯಲ್‌ಸ್ಕ್ಯಾನ್ ಎಂಬ ಹೆಸರಿನಲ್ಲಿ ಅಂಥದೇ ಸ್ಕ್ಯಾನರ್‌ಗಳನ್ನು ತಯಾರಿಸಿ ಅಮೆರಿಕಕ್ಕೆ ಕಳುಹಿಸುತ್ತಿತ್ತು. ಕೈಯಲ್ಲಿ ಹಿಡಿದು ಎಲ್ಲಿಗೆ ಬೇಕಾದರೂ ಒಯ್ದು ಕಂಪ್ಯೂಟರಿಗೆ ಜೋಡಿಸಬಹುದಾದ ಯಂತ್ರಗಳು ಇವು. ಟೆಕ್ಸಸ್‌ನ ಮೆಂಟಾಲಿಕ್ಸ್ ಎಂಬ ಸಣ್ಣ ಕಂಪನಿ ಅವುಗಳನ್ನು ಕೊಂಡು, ತಾನೇ ಬರೆದ ಫೆಡ್‌ಸಬ್‌ಮಿಟ್ ಎಂಬ ಸಾಫ್ಟ್‌ವೇರ್ ಸೇರಿಸಿ ಮಾರುತ್ತಿತ್ತು. 2010ರ ಮೇ ತಿಂಗಳಲ್ಲಿ ಕ್ರಾಸ್ ಮ್ಯಾಚ್ ಅಲ್ಲಿನ ಅಂತಾರಾಷ್ಟ್ರೀಯ ವ್ಯಾಪಾರ ಆಯೋಗಕ್ಕೆ ದೂರು ಕೊಟ್ಟಿತು. ಈ ಆಯೋಗ ನ್ಯಾಯಾಲಯವಲ್ಲ, ಪರಿಹಾರದ ಹಣ ಕೊಡಿಸುವ ಅಧಿಕಾರವೂ ಅದಕ್ಕಿಲ್ಲ. ಆದರೆ 1930ರ ಸುಂಕ ಕಾಯಿದೆಯ 337ನೆಯ ಸೆಕ್ಷನ್ ಪ್ರಕಾರ, ಪೇಟೆಂಟನ್ನು ಉಲ್ಲಂಘಿಸುವ ಸರಕನ್ನು ಬಂದರಿನಲ್ಲೇ ತಡೆಯಿರಿ ಎಂದು ಕಸ್ಟಮ್ಸ್‌ನವರಿಗೆ ಆದೇಶಿಸಬಲ್ಲದು. ವ್ಯಾಪಾರಿಗೆ ದಂಡಕ್ಕಿಂತ ಬಾಗಿಲು ಮುಚ್ಚುವುದೇ ದೊಡ್ಡ ಭಯ.

ಮೂರು ಪೇಟೆಂಟ್‌ಗಳ ವಿಷಯ ಅಲ್ಲಿ ಬಂತು. 1999ರಲ್ಲಿ ಸಿಕ್ಕಿದ್ದ ಒಂದು ಮಸೂರಗಳ ಜೋಡಣೆಗೆ ಸಂಬಂಧಿಸಿದ್ದು. ಅಶ್ರಗದಿಂದ ಬಂದ ಚಿತ್ರದ ಅಂಚು ಬಾಗದಂತೆ ತಿದ್ದುವ ಉಪಾಯ. ಅದರ ವಿಷಯದಲ್ಲಿ ಕಾನೂನಿನ ಗೊಂದಲ ಕಡಿಮೆ: ಮಸೂರ ಯಂತ್ರದೊಳಗೇ ಇರುತ್ತದೆ, ಬಿಚ್ಚಿ ನೋಡಿದರೆ ಕಾಣುತ್ತದೆ. ಜಗಳದ ಬೇರು ಇದ್ದದ್ದು 2007ರಲ್ಲಿ ಸಿಕ್ಕಿದ್ದ, ವಕೀಲರ ಬಾಯಲ್ಲಿ '344' ಎಂದಾದ ಪೇಟೆಂಟಿನ 19ನೆಯ ಕ್ಲೇಮಿನಲ್ಲಿ. ಕ್ಲೇಮು ಅಂದರೆ ಜಾಗದ ಆಧಾರದಲ್ಲಿ ಬರೆಯುವ ಚಕ್ಕುಬಂದಿಯ ಹಾಗೆ: ಇಲ್ಲಿಂದ ಇಲ್ಲಿಯವರೆಗೆ ನನ್ನದು ಎಂದು ಗೆರೆ ಎಳೆಯುವ ವಾಕ್ಯ. 19ನೆಯ ಕ್ಲೇಮು ವಸ್ತುವಿನದ್ದಲ್ಲ, ವಿಧಾನದ್ದು. ಬೆರಳಚ್ಚಿನ ಚಿತ್ರವನ್ನು ಹಿಡಿಯುವುದು, ಅದನ್ನು ಸೋಸುವುದು, ಬೂದುಬಣ್ಣದ ಛಾಯೆಗಳನ್ನೆಲ್ಲ ಬಿಟ್ಟು ಶುದ್ಧ ಕಪ್ಪು ಬಿಳುಪು ಚುಕ್ಕಿಗಳನ್ನಾಗಿ ಮಾಡುವುದು, ಕಪ್ಪು ಚುಕ್ಕಿಗಳು ದಟ್ಟವಾಗಿರುವ ಜಾಗವನ್ನು ಗುರುತಿಸುವುದು, ಅವು ಮೊಟ್ಟೆಯಾಕಾರದಲ್ಲಿ ಸೇರಿವೆಯೇ ಎಂದು ನೋಡುವುದು, ಕೊನೆಗೆ ಆ ಜಾಗವೂ ಆಕಾರವೂ ಸಾಕಷ್ಟು ಚೆನ್ನಾಗಿವೆಯೇ ಎಂದು ತೀರ್ಮಾನಿಸುವುದು. ನಮ್ಮ ಅಕ್ಕನ ಒಣ ಬೆರಳು ಇಂಥ ಪರೀಕ್ಷೆಗೆ ಬಂದಿದ್ದರೆ ಅಲ್ಲಲ್ಲಿ ಚದುರಿದ ಚುಕ್ಕಿಗಳನ್ನಷ್ಟೇ ಕೊಡುತ್ತಿತ್ತು. ಎಣ್ಣೆ ತಾಗಿದ ಬೆರಳು ತುಂಬಿದ ಮೊಟ್ಟೆಯನ್ನು ಕೊಡುತ್ತಿತ್ತು.

ವಿಧಾನದ ಪೇಟೆಂಟ್ ಎಂದರೆ ಇಲ್ಲೊಂದು ತೊಡಕು ಹುಟ್ಟುತ್ತದೆ. ಮಸೂರವನ್ನು ಪೆಟ್ಟಿಗೆಯಲ್ಲಿಟ್ಟು ಹಡಗಿಗೆ ಹಾಕಬಹುದು, ವಿಧಾನವನ್ನು ಹಾಕಲು ಬರುವುದಿಲ್ಲ. ಹಡಗಿನಿಂದ ಇಳಿದ ರಿಯಲ್‌ಸ್ಕ್ಯಾನ್ ಯಂತ್ರಕ್ಕೆ ಸಾಫ್ಟ್‌ವೇರ್ ಜೋಡಿಸದ ಹೊರತು ಅದು ಸುಮ್ಮನೆ ಕೂತಿರುವ ಪೆಟ್ಟಿಗೆ. ಮೆಂಟಾಲಿಕ್ಸ್‌ನ ಸಾಫ್ಟ್‌ವೇರ್ ಸೇರಿ, ಟೆಕ್ಸಸ್‌ನಲ್ಲಿ ಯಾರೋ ಒಬ್ಬರು ಬೆರಳಿಟ್ಟು ಗುಂಡಿ ಒತ್ತಿದಾಗಲೇ 19ನೆಯ ಕ್ಲೇಮಿನ ಹೆಜ್ಜೆಗಳೆಲ್ಲ ನಡೆಯುವುದು. ಹಾಗಾದರೆ ಬಂದರಿನಲ್ಲಿ ಕಸ್ಟಮ್ಸ್ ಅಧಿಕಾರಿಯ ಮುಂದಿದ್ದಾಗ ಆ ಪೆಟ್ಟಿಗೆ ತಪ್ಪಿತಸ್ಥವೇ?

ಗಡಿಯವರಾದ ನಮಗೆ ಈ ಪ್ರಶ್ನೆ ಹೊಸತಲ್ಲ. ಕೇರಳ ಸರಕಾರದ ಲಾಟರಿ ಚೀಟಿ ಮಂಜೇಶ್ವರದಲ್ಲಿ ಸರಕಾರವೇ ಮಾರುವ ಕಾಗದ. ಕರ್ನಾಟಕ 2007ರಲ್ಲಿ ಲಾಟರಿಯನ್ನೇ ನಿಷೇಧಿಸಿದ್ದರಿಂದ ತಲಪಾಡಿ ದಾಟಿಸಿ ಅದನ್ನು ಮಾರಲು ಹೊರಟರೆ ಅಪರಾಧ. ಅಲ್ಲಿ ಗೆರೆ ನೆಲದ ಮೇಲಿದೆ, ದಾಟಿದ ಕ್ಷಣವೂ ಗೊತ್ತಿದೆ. ಸುಪ್ರೀಮಾದ ಕತೆ ಇದಕ್ಕಿಂತ ಒಂದು ಸುತ್ತು ಹೆಚ್ಚು. ಒಂದು ಉದಾಹರಣೆ ಊಹಿಸಿಕೊಳ್ಳಿ. ಅಡಿಕೆ ಸುಲಿಯುವ ಯಂತ್ರದ ಬರೀ ಚೌಕಟ್ಟು, ಮೋಟಾರು ಕೊಯಮತ್ತೂರಿನಿಂದ ಬರುತ್ತದೆ. ಬದಿಯಡ್ಕದ ವರ್ಕ್‌ಶಾಪಿನವರು ಅದಕ್ಕೆ ಬ್ಲೇಡು ಕೂರಿಸಿ, ಹಸಿಯಡಿಕೆಗೆ ಇಷ್ಟು ಅಂತರ, ಚಾಲಿಗೆ ಇಷ್ಟು ಅಂತರ ಎಂದು ಹೊಂದಿಸಿ ಓಡಿಸುತ್ತಾರೆ. ಹಾಗೆ ಓಡಿಸುವ ಕ್ರಮಕ್ಕೆ ಸಾಗರದ ಯಾರದೋ ಪೇಟೆಂಟ್ ಇದೆ. ಕೊಯಮತ್ತೂರಿನವನಿಗೆ ಅದು ಗೊತ್ತು. ಯಾವ ಅಂತರದಲ್ಲಿ ಓಡಿಸಬೇಕೆಂದು ಚೀಟಿ ಬರೆದು ಚೌಕಟ್ಟಿನ ಜೊತೆ ಕಳುಹಿಸುವವನೂ ಅವನೇ. ತಪ್ಪು ಮಾಡಿದವರು ಯಾರು, ಮತ್ತು ಲಾರಿಯಲ್ಲಿದ್ದಾಗಲೇ ಚೌಕಟ್ಟನ್ನು ತಡೆಯಬಹುದೇ?

ಅಮೆರಿಕದ ಆಯೋಗ 2011ರ ಅಕ್ಟೋಬರಿನಲ್ಲಿ, ತಡೆಯಬಹುದು ಎಂದಿತು. ನೇರವಾಗಿ ಉಲ್ಲಂಘಿಸಿದ್ದು ಮೆಂಟಾಲಿಕ್ಸ್. ಅದಕ್ಕೆ ಪ್ರೇರೇಪಿಸಿದ್ದು ಸುಪ್ರೀಮಾ. ಉಲ್ಲಂಘನೆಗೆ ಪ್ರೇರಣೆ ಕೊಟ್ಟವನೂ ಉಲ್ಲಂಘಿಸಿದವನೇ ಎಂದು ಅಮೆರಿಕದ ಪೇಟೆಂಟ್ ಕಾಯಿದೆಯೇ ಬಿಡಿಸಿ ಹೇಳುತ್ತದೆ. ಹೀಗೆ ಸುಪ್ರೀಮಾದ ಯಂತ್ರಗಳಿಗೆ ಆಮದು ತಡೆಯೂ ಮೆಂಟಾಲಿಕ್ಸ್‌ಗೆ ಮಾರಾಟ ನಿಲ್ಲಿಸುವ ಆದೇಶವೂ ಬಂದವು.

ಪ್ರೇರಣೆ ಎನ್ನಲು, ನಾನು ಮಾಡಿಸುತ್ತಿರುವುದು ಉಲ್ಲಂಘನೆ ಎಂಬ ಅರಿವು ಬೇಕು. ಸುಪ್ರೀಮಾಕ್ಕೆ ಅರಿವಿತ್ತೇ? ಅದೇ ವರ್ಷದ ಮೇ ತಿಂಗಳಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಬೇರೊಂದು ಮೊಕದ್ದಮೆಯಲ್ಲಿ ಇದಕ್ಕೆ ದಾರಿ ಹಾಕಿತ್ತು. ಅದು ಎಣ್ಣೆಯಲ್ಲಿ ಕರಿಯುವ ಅಡುಗೆಮನೆಯ ಪಾತ್ರೆಯ ಕತೆ: ಫ್ರಾನ್ಸಿನ ಕಂಪನಿಯೊಂದರ ಕರಿಯುವ ಯಂತ್ರವನ್ನು ಹಾಂಗ್‌ಕಾಂಗ್‌ನಲ್ಲಿ ಕೊಂಡು ನಕಲು ಮಾಡಿದವರು, ಪೇಟೆಂಟ್ ತೊಂದರೆ ಇದೆಯೇ ನೋಡಿ ಎಂದು ವಕೀಲರ ಅಭಿಪ್ರಾಯವನ್ನೇನೋ ಕೇಳಿದರು, ಆದರೆ ಇದು ನಕಲು ಎಂಬ ಸಂಗತಿಯನ್ನು ಮಾತ್ರ ಅವರಿಗೆ ಹೇಳಲಿಲ್ಲ. ತಿಳಿಯಬಾರದೆಂದೇ ಎಚ್ಚರ ವಹಿಸಿದವನು ತಿಳಿದವನಿಗೆ ಸಮ ಎಂದು ನ್ಯಾಯಾಲಯ ಹೇಳಿತು. ಇದಕ್ಕೆ ಅವರ ಕಾನೂನಿನಲ್ಲಿ ಉದ್ದನೆಯ ವ್ಯಾಖ್ಯೆ ಇದೆ. ನಮ್ಮಲ್ಲಿ ಜಾಣಕುರುಡು ಎಂಬ ಒಂದೇ ಮಾತು ಸಾಕು. ಕ್ರಾಸ್ ಮ್ಯಾಚ್‌ನ ಬೇರೆ ಎರಡು ಪೇಟೆಂಟ್‌ಗಳನ್ನು ಹುಡುಕಿ ಓದಿದ್ದ ಸುಪ್ರೀಮಾ, ಮೂರನೆಯದು, ಅಂದರೆ ಆ '344', ಕಣ್ಣಿಗೇ ಬೀಳಲಿಲ್ಲ ಎಂದದ್ದನ್ನು ಆಯೋಗ ಜಾಣಕುರುಡು ಎಂದೇ ಎಣಿಸಿತು. ಈ ಭಾಗದಲ್ಲಿ ಆಯೋಗದ ತೀರ್ಮಾನ ಸರಿ ಎಂಬುದು ನನ್ನ ಅಭಿಪ್ರಾಯ. ನೆರೆಯವನ ಎರಡು ಬದಿಯ ಗಡಿಕಲ್ಲು ನೋಡಿ ಬಂದವನು ಮೂರನೆಯ ಬದಿಗೆ ಹೋಗಲೇ ಇಲ್ಲವೆಂದರೆ ನಂಬುವುದು ಕಷ್ಟ.

ಆದರೆ ಮೇಲ್ಮನವಿ ಬೇರೆ ದಾರಿ ಹಿಡಿಯಿತು. ಪೇಟೆಂಟ್ ವಿಷಯದ ಮೇಲ್ಮನವಿಗಳನ್ನು ಕೇಳುವ ಫೆಡರಲ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠ, 2013ರ ಡಿಸೆಂಬರಿನಲ್ಲಿ ಎರಡಕ್ಕೆ ಒಂದರ ಬಹುಮತದಿಂದ ಆಯೋಗದ ಆದೇಶದ ಈ ಭಾಗವನ್ನು ತಳ್ಳಿಹಾಕಿತು. ಸುಂಕ ಕಾಯಿದೆಯಲ್ಲಿರುವುದು 'ಉಲ್ಲಂಘಿಸುವ ಸರಕುಗಳು' ಎಂಬ ಪದ. ಸರಕು ಗಡಿ ದಾಟುವ ಕ್ಷಣದಲ್ಲೇ ಉಲ್ಲಂಘಿಸುತ್ತಿರಬೇಕು. ಮುಂದೆಂದೋ ಯಾರೋ ಸಾಫ್ಟ್‌ವೇರ್ ಸೇರಿಸಿ ಮಾಡುವ ಕೆಲಸದ ದೋಷವನ್ನು ಹಿಂದಕ್ಕೆ ಎಳೆದು ಪೆಟ್ಟಿಗೆಯ ಮೇಲೆ ಹೊರಿಸುವಂತಿಲ್ಲ ಎಂಬುದು ಆ ಪೀಠದ ತರ್ಕ.

ವ್ಯಾಕರಣ ಪ್ರಿಯರಾದ ನಮಗೆ ಇದು ರುಚಿಸುವ ತರ್ಕವೇ. ಕೃದಂತದ ಕಾಲ ಯಾವುದು ಎಂಬುದರ ಮೇಲೆ ಕೋಟಿಗಟ್ಟಲೆ ವ್ಯವಹಾರ ನಿಂತಿತ್ತು. ಕನ್ನಡದಲ್ಲಾದರೂ 'ಉಲ್ಲಂಘಿಸುವ ಸರಕು' ಎಂದಾಗ ಈಗ ಉಲ್ಲಂಘಿಸುತ್ತಿರುವುದೋ ಮುಂದೆ ಉಲ್ಲಂಘಿಸಲಿರುವುದೋ ಎಂದು ಬಿಡಿಸಿ ಹೇಳಲಾಗದು. 'ನಾಳೆ ಬರುವ ಬಸ್ಸು', 'ದಿನಾ ಬರುವ ಬಸ್ಸು' ಎರಡೂ ನಮಗೆ 'ಬರುವ' ಬಸ್ಸೇ. ಕೊನೆಗೆ ನ್ಯಾಯಾಲಯವೂ ಸುಮಾರಾಗಿ ಇಲ್ಲಿಗೇ ಬಂದು ನಿಂತಿತು. 2015ರ ಆಗಸ್ಟ್ 10ರಂದು ಹತ್ತು ನ್ಯಾಯಮೂರ್ತಿಗಳ ಪೂರ್ಣಪೀಠ, ಆರಕ್ಕೆ ನಾಲ್ಕರ ಬಹುಮತದಿಂದ ಮೊದಲಿನ ತೀರ್ಪನ್ನು ಬದಿಗಿರಿಸಿತು. ಹಿಂದಿನ ಪೀಠದಲ್ಲಿ ಒಂಟಿಯಾಗಿ ಭಿನ್ನಮತ ಬರೆದಿದ್ದ ನ್ಯಾಯಮೂರ್ತಿ ರೇನಾ ಅವರೇ ಈ ಬಾರಿ ಬಹುಮತದ ತೀರ್ಪು ಬರೆದರು. ಹಿಂದೆ ಬಹುಮತದಲ್ಲಿದ್ದ ನ್ಯಾಯಮೂರ್ತಿ ಒಮ್ಯಾಲಿ ಈಗ ಭಿನ್ನಮತಕ್ಕೆ ಸರಿದರು. ಪದ ಅಸ್ಪಷ್ಟವಾಗಿದೆ, ಆಯೋಗ ಕೊಟ್ಟ ಅರ್ಥ ಒಪ್ಪತಕ್ಕದ್ದಾಗಿದೆ, ಆದ್ದರಿಂದ ಆಯೋಗದ ಅರ್ಥವನ್ನೇ ಎತ್ತಿಹಿಡಿಯುತ್ತೇವೆ ಎಂಬುದು ಬಹುಮತದ ಸಾರ.

ಬಹುಮತಕ್ಕೆ ಊರುಗೋಲಾದದ್ದು, ಅಸ್ಪಷ್ಟ ಕಾನೂನಿಗೆ ಸರಕಾರಿ ಸಂಸ್ಥೆ ಕೊಡುವ ಸಮಂಜಸ ಅರ್ಥವನ್ನು ನ್ಯಾಯಾಲಯ ಮನ್ನಿಸಬೇಕೆಂಬ 1984ರ ಷೆವ್ರಾನ್ ತೀರ್ಪಿನ ತತ್ತ್ವ. 2024ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ತತ್ತ್ವವನ್ನೇ ಕಿತ್ತುಹಾಕಿತು. ಕಿತ್ತುಹಾಕಿಸಿದವರು ಯಾರೆಂದರೆ ಮೀನುಗಾರರು! ಹೆರಿಂಗ್ ಮೀನು ಹಿಡಿಯುವ ದೋಣಿಗಳಲ್ಲಿ ಸರಕಾರದ ವೀಕ್ಷಕರನ್ನು ಕೂರಿಸಿ ಅವರ ಸಂಬಳವನ್ನೂ ದೋಣಿಯವರೇ ಕೊಡಬೇಕೆಂಬ ನಿಯಮದ ವಿರುದ್ಧ ಅವರು ಕೋರ್ಟಿಗೆ ಹೋಗಿದ್ದರು. ಹಳೆಯ ತೀರ್ಪುಗಳು ಇದರಿಂದ ತಾವಾಗಿ ರದ್ದಾಗುವುದಿಲ್ಲವೆಂದು ಅದೇ ತೀರ್ಪಿನಲ್ಲಿ ಹೇಳಿದ್ದರೂ, ಬೆರಳಚ್ಚು ಯಂತ್ರದ ತೀರ್ಪು ನಿಂತ ನೆಲ ಈಗ ಮೊದಲಿನಷ್ಟು ಗಟ್ಟಿಯಲ್ಲ. ಕುಂಬಳೆಯ ಕಡಲ ತೀರದಲ್ಲಿ ಈ ಕತೆ ಹೇಳಿದರೆ ಖಂಡಿತ ನಗುತ್ತಾರೆ.

ಇಷ್ಟು ಅಲ್ಲಿನದಾಯಿತು. ಆ ಮೂರೂ ಅಮೆರಿಕದ ಪೇಟೆಂಟ್‌ಗಳು, ಅವುಗಳ ಬಲ ಆ ದೇಶದ ಎಲ್ಲೆಯೊಳಗೆ ಮಾತ್ರ. ಇಂಥದೇ ಜಗಳ ಇಲ್ಲಿ ಹುಟ್ಟಿದರೆ ನಮ್ಮ ಕಾನೂನು ಏನನ್ನುತ್ತದೆ?

ಮೊದಲನೆಯದಾಗಿ, ಇಂಥ ವಿಧಾನಕ್ಕೆ ಇಲ್ಲಿ ಪೇಟೆಂಟ್ ಸಿಗುವುದೇ ಸುಲಭವಲ್ಲ. ನಮ್ಮ 1970ರ ಪೇಟೆಂಟ್ ಕಾಯಿದೆಯ 3(ಕೆ) ಸೆಕ್ಷನ್, ಬರೀ ಕಂಪ್ಯೂಟರ್ ಪ್ರೋಗ್ರಾಂ ಆಗಿರುವುದನ್ನೂ ಗಣಿತದ ವಿಧಾನವನ್ನೂ ಆವಿಷ್ಕಾರವೆಂದು ಒಪ್ಪುವುದಿಲ್ಲ. ತಾಂತ್ರಿಕ ಪರಿಣಾಮ ತೋರಿಸಿದರೆ ಸಾಫ್ಟ್‌ವೇರ್ ಎಂಬ ಒಂದೇ ಕಾರಣಕ್ಕೆ ತಿರಸ್ಕರಿಸಬಾರದೆಂದು ದೆಹಲಿ ಹೈಕೋರ್ಟ್ 2019ರ ಡಿಸೆಂಬರಿನಲ್ಲಿ ಹೇಳಿದ ಮೇಲೆ ಬಾಗಿಲು ಸ್ವಲ್ಪ ತೆರೆದಿದೆ. ಕಪ್ಪು ಚುಕ್ಕಿ ಎಣಿಸುವುದು ಗಣಿತವೋ ತಂತ್ರವೋ ಎಂದು ಚೆನ್ನೈಯ ಪೇಟೆಂಟ್ ಕಚೇರಿಯಲ್ಲಿ ವಾದಿಸಬೇಕಾಗಿ ಬಂದರೆ ನಾನು ಎರಡೂ ಕಡೆಗೆ ವಾದಿಸಬಲ್ಲೆ.

ಎರಡನೆಯದು ಬಂದರಿನ ಬಾಗಿಲು. ನಮ್ಮಲ್ಲಿಯೂ 2007ರ ಕಸ್ಟಮ್ಸ್ ನಿಯಮಗಳ ಪ್ರಕಾರ ಪೇಟೆಂಟ್ ಉಲ್ಲಂಘಿಸುವ ಸರಕನ್ನು ತಡೆಯುವ ಅವಕಾಶವಿತ್ತು. ಮದುರೈನ ಸಂಶೋಧಕರೊಬ್ಬರು ಒಂದೇ ಫೋನಿನಲ್ಲಿ ಎರಡು ಸಿಮ್ ಬಳಸುವುದಕ್ಕೆ ಪಡೆದ ಪೇಟೆಂಟನ್ನು ಕಸ್ಟಮ್ಸ್‌ನಲ್ಲಿ ನೋಂದಾಯಿಸಿ, ಹೊರದೇಶದಿಂದ ಬಂದ ಎರಡು ಸಿಮ್‌ನ ಫೋನುಗಳಿಗೆ ತಡೆಯೊಡ್ಡಿದ್ದು ಆಗ ದೊಡ್ಡ ಸುದ್ದಿಯಾಗಿತ್ತು. 2012ರಲ್ಲಿ ಆ ಪೇಟೆಂಟೇ ರದ್ದಾಯಿತು. ಪೆಟ್ಟಿಗೆ ಬಿಚ್ಚಿ ನೋಡಿ ಬ್ರ್ಯಾಂಡಿನ ಹೆಸರು ನಕಲಿಯೋ ಅಸಲಿಯೋ ಎನ್ನಬಲ್ಲ ಕಸ್ಟಮ್ಸ್ ಅಧಿಕಾರಿ, ಪೇಟೆಂಟಿನ ಕ್ಲೇಮು ಓದಿ ತೀರ್ಪು ಕೊಡಲಾರ ಎಂಬುದು ಎಲ್ಲರಿಗೂ ಅರ್ಥವಾದದ್ದು ಆಗಲೇ. 2018ರ ತಿದ್ದುಪಡಿಯಲ್ಲಿ ಆ ನಿಯಮಗಳಿಂದ ಪೇಟೆಂಟನ್ನು ಹೊರಗಿಡಲಾಯಿತು. ಅಮೆರಿಕದವರು ಆರು–ನಾಲ್ಕು ಎಂದು ಗುದ್ದಾಡಿದ ಪ್ರಶ್ನೆಯನ್ನು ನಾವು ಹೀಗೆ ಬಾಗಿಲ ಬುಡದಿಂದಲೇ ಎತ್ತಿಬಿಟ್ಟೆವು. ಈಗ ಪೇಟೆಂಟ್ ಇದ್ದವನು ಜಿಲ್ಲಾ ನ್ಯಾಯಾಲಯಕ್ಕೋ ಹೈಕೋರ್ಟಿಗೋ ಹೋಗಿ ದಾವೆ ಹೂಡಿ ತಡೆಯಾಜ್ಞೆ ತರಬೇಕು.

ಮೂರನೆಯದೇ ನನ್ನನ್ನು ಹೆಚ್ಚು ಕಾಡುವುದು. ನಮ್ಮ ಕಾಯಿದೆಯ 48ನೆಯ ಸೆಕ್ಷನ್ ಪ್ರಕಾರ, ವಿಧಾನದ ಪೇಟೆಂಟ್ ಉಳ್ಳವನು ಆ ವಿಧಾನವನ್ನು ಬಳಸುವವನನ್ನು ತಡೆಯಬಹುದು. ಬಳಸುವವನು ಯಾರು? ಯಂತ್ರ ಮಾಡಿ ಕಳುಹಿಸಿದವನಲ್ಲ, ಸಾಫ್ಟ್‌ವೇರ್ ಬರೆದವನೂ ಅಲ್ಲ, ಗುಂಡಿ ಒತ್ತಿದವನು. ಅಂದರೆ ಪೆರ್ಲದ ರೇಶನ್ ಅಂಗಡಿಯವರು, ಪಿಂಚಣಿಯ ಮಸ್ಟರಿಂಗ್ (ಪಿಂಚಣಿದಾರರು ಬದುಕಿದ್ದಾರೆಂದು ಬೆರಳಚ್ಚಿನಿಂದ ದೃಢಪಡಿಸುವುದು) ಮಾಡಿಕೊಡುವ, ಸರಕಾರಿ ಆನ್‌ಲೈನ್ ಸೇವೆಗಳ ಅಕ್ಷಯ ಕೇಂದ್ರದ ಹುಡುಗಿ. ಪ್ರೇರೇಪಿಸಿದವನನ್ನು ಹಿಡಿಯುವ ಸ್ಪಷ್ಟ ಸೆಕ್ಷನ್ ಅಮೆರಿಕದ ಹಾಗೆ ನಮ್ಮ ಕಾಯಿದೆಯಲ್ಲಿಲ್ಲ. ನ್ಯಾಯಾಲಯಗಳು ಸಾಮಾನ್ಯ ನ್ಯಾಯದ ತತ್ತ್ವಗಳಿಂದ ಅಲ್ಲಿಗೆ ತಲುಪಬೇಕು. ಕಾಗದದ ಮೇಲೆ ನೋಡಿದರೆ, ದೊಡ್ಡ ಕಂಪನಿ ಸಂದಿಯಲ್ಲಿ ಜಾರಿಹೋಗುವ, ಅಂಗಡಿಯವರು ಸಿಕ್ಕಿಬೀಳುವ ಕಾನೂನು ಇದು. ಪ್ರೇರಣೆಯ ಸೆಕ್ಷನ್ ಇರುವುದು ಪೇಟೆಂಟ್ ಕಂಪನಿಗಳ ಕೈ ಬಲಪಡಿಸಲಿಕ್ಕೆ ಎಂಬ ಟೀಕೆಯನ್ನು ಆಗಾಗ ಕೇಳುತ್ತೇನೆ. ನನಗೆ ಕಾಣುವುದು ಬೇರೆ: ಅದಿದ್ದರೆ ದಾವೆ ಹೂಡುವವನು ಗುಂಡಿ ಒತ್ತುವವರನ್ನು ಬಿಟ್ಟು ಹಿಂದೆ ನಿಂತವನ ಬೆನ್ನು ಹತ್ತುತ್ತಾನೆ.

ಹಾಗೆಂದು ಅಂಗಡಿಯವರಿಗೆ ಆಸರೆಯೇ ಇಲ್ಲವೆಂದಲ್ಲ. 111ನೆಯ ಸೆಕ್ಷನ್ ಪ್ರಕಾರ, ಪೇಟೆಂಟ್ ಇರುವುದು ತಿಳಿದಿರಲಿಲ್ಲ, ತಿಳಿಯಲು ತಕ್ಕ ಕಾರಣವೂ ಇರಲಿಲ್ಲ ಎಂದು ರುಜುವಾತು ಮಾಡಿದವನಿಂದ ನಷ್ಟಪರಿಹಾರ ವಸೂಲಿ ಮಾಡುವಂತಿಲ್ಲ. ಬಳಕೆ ನಿಲ್ಲಿಸು ಎಂಬ ಆಜ್ಞೆ ಮಾತ್ರ ಬರಬಹುದು. 47ನೆಯ ಸೆಕ್ಷನ್, ಸರಕಾರ ತನ್ನ ಸ್ವಂತ ಬಳಕೆಗೆ ಪೇಟೆಂಟಿನ ವಿಧಾನವನ್ನು ಬಳಸಬಹುದು ಎನ್ನುತ್ತದೆ. 100ನೆಯ ಸೆಕ್ಷನ್, ಸರಕಾರ ಲಿಖಿತವಾಗಿ ಅಧಿಕಾರ ಕೊಟ್ಟವರೂ ಸರಕಾರದ ಉದ್ದೇಶಕ್ಕೆ ಬಳಸಬಹುದು ಎನ್ನುತ್ತದೆ, ಪ್ರತಿಫಲದ ಲೆಕ್ಕ ಆಮೇಲೆ. ರೇಶನ್ ಕೊಡುವುದು ಸರಕಾರದ ಉದ್ದೇಶ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಅದೇ ಬೆರಳಚ್ಚಿನ ಯಂತ್ರದಿಂದ ಪೇಟೆಯ ಅಂಗಡಿಯಲ್ಲಿ ಸಿಮ್ ಕಾರ್ಡ್ ಮಾರಿದರೆ, ಬ್ಯಾಂಕಿನ ಪ್ರತಿನಿಧಿ ಹಣ ತೆಗೆದುಕೊಟ್ಟರೆ, ಅದು ಯಾರ ಉದ್ದೇಶ ಎಂದು ಕೇಳಿದರೆ ಉತ್ತರ ಅಷ್ಟು ಸಲೀಸಲ್ಲ.

ಉಪನ್ಯಾಸ ಮುಗಿದ ಮೇಲೆ ಎರಡು ಪ್ರಶ್ನೆಗಳು ಬಂದವು. ನಿವೃತ್ತ ಮಾಷ್ಟ್ರೊಬ್ಬರು, ಆ ಮಸೂರದ ಪೇಟೆಂಟ್ ಈಗಲೂ ಇದೆಯೇ ಎಂದು ಕೇಳಿದರು. ಪೇಟೆಂಟಿನ ಆಯುಸ್ಸು ಅರ್ಜಿ ಹಾಕಿದ ದಿನದಿಂದ 20 ವರ್ಷ. 1999ರಲ್ಲಿ ಮಂಜೂರಾದದ್ದಕ್ಕೆ ಅರ್ಜಿ ಅದಕ್ಕೂ ಮುಂಚಿನದು, ಆದ್ದರಿಂದ ಅದು ಯಾವಾಗಲೋ ತೀರಿದೆ. ಆ ಮಸೂರದ ಜೋಡಣೆ ಈಗ ಯಾರ ಅಪ್ಪಣೆಯೂ ಬೇಡದ ವಿದ್ಯೆ ಎಂದೆ.

ಎರಡನೆಯ ಪ್ರಶ್ನೆ ಅಕ್ಷಯ ಕೇಂದ್ರ ನಡೆಸುವ ತರುಣರೊಬ್ಬರದು. "ಸಾರ್, 111ನೆಯ ಸೆಕ್ಷನ್ ಗೊತ್ತಿಲ್ಲದವನಿಗೆ ಅಂದಿರಿ. ಹಾಗಾದರೆ ಒಂದು ನೋಟಿಸ್ ಬಂದ ಮೇಲೆ ನನಗೆ ಗೊತ್ತಿಲ್ಲ ಅನ್ನಲಿಕ್ಕಾಗುವುದಿಲ್ಲವಲ್ಲ? ನೋಟಿಸ್ ಯಾವ ಭಾಷೆಯಲ್ಲಿ ಬರುತ್ತದೆ?" ಸಭೆ ನಕ್ಕಿತು, ಈ ಜಿಲ್ಲೆಯಲ್ಲಿ ಆ ಪ್ರಶ್ನೆಗೆ ನಗದವರಿಲ್ಲ. ನಾನು ಇದ್ದುದನ್ನೇ ಹೇಳಿದೆ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಪ್ರಕಾರ ಕನ್ನಡಿಗರು ರಾಜ್ಯ ಸರಕಾರದೊಡನೆ ಕನ್ನಡದಲ್ಲೇ ಪತ್ರ ವ್ಯವಹಾರ ಮಾಡಬಹುದು. ಪೇಟೆಂಟ್ ಕಚೇರಿ ಕೇಂದ್ರ ಸರಕಾರದ್ದು, ಅಲ್ಲಿ ಸಲ್ಲಿಸುವ ಕಾಗದಗಳು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇರಬೇಕು. ನೋಟಿಸ್ ಕಳುಹಿಸುವ ಖಾಸಗಿ ಕಂಪನಿಗೆ ಈ ಎರಡು ನಿಯಮಗಳೂ ಅನ್ವಯಿಸುವುದಿಲ್ಲ, ತನಗೆ ಬೇಕಾದ ಭಾಷೆಯಲ್ಲಿ ಕಳುಹಿಸುತ್ತದೆ. ಲಕೋಟೆಗೆ ಸಹಿ ಹಾಕಿ ತೆಗೆದುಕೊಂಡ ದಿನಾಂಕವನ್ನು ಮಾತ್ರ ಬರೆದಿಟ್ಟುಕೊಳ್ಳಿ, ಒಡೆಯದೆ ಇಟ್ಟರೆ ಉಪಯೋಗವಿಲ್ಲ ಎಂದೆ.

"ಒಡೆಯದಿದ್ದರೆ ಜಾಣಕುರುಡು" ಎಂದು ಹಿಂದಿನ ಸಾಲಿನಿಂದ ಮಾಷ್ಟ್ರು ಹೇಳಿದರು.